ತಂತಿಯಿಲ್ಲದ ಗಿಟಾರಿಗೆ ಮೈಸೂರು ಪೇಟ

ಹೋದ ಗಣೇಶನ ಹಬ್ಬದಲ್ಲಿ ನಮ್ಮ ಬೀದಿಯವರು ನನಗೆ ಸನ್ಮಾನ ಮಾಡಿದರು. ಶಾಲು, ಮೈಸೂರು ಪೇಟ, ಗಂಧದ ಹಾರ, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಮೇಲೊಂದು ಸಾಲು ಸೇಬು, ಕೆಳಗೆಲ್ಲ ಹಳೇ ಪೇಪರ್. ಯಾತಕ್ಕೆ ಅಂದರೆ ನಾನು ಗಿಟಾರ್ ವಾದಕ ಅಂತೆ. ನಾನು ನಿಜವಾದ ಗಿಟಾರ್ ಮುಟ್ಟಿದ್ದು ಜೀವನದಲ್ಲಿ ಒಂದೇ ಸಲ, ಅದೂ ಸಕಲೇಶಪುರದ ಬಸ್ಸಿನಲ್ಲಿ ಯಾರದ್ದೋ ಲಗೇಜ್ ಪಕ್ಕಕ್ಕೆ ಸರಿಸುವಾಗ.

ನನ್ನ ಹತ್ತಿರ ಇರುವುದು ಪ್ಲಾಸ್ಟಿಕ್ಕಿನದು. 2005ರಲ್ಲಿ ಗಿಟಾರ್ ಹೀರೋ ಅಂತ ಒಂದು ವಿಡಿಯೋ ಗೇಮ್ ಬಂತು, ಪ್ಲೇಸ್ಟೇಷನ್ 2ಕ್ಕೆ. ಅದರ ಜೊತೆ ಕೊಡುತ್ತಿದ್ದ ಗಿಟಾರಿನಲ್ಲಿ ತಂತಿ ಇಲ್ಲ. ಕತ್ತಿನ ಮೇಲೆ ಐದು ಬಟನ್: ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ. ಮೀಟುವ ಜಾಗದಲ್ಲಿ ಒಂದು ಸಣ್ಣ ಪಟ್ಟಿ, ಮೇಲೆ ಕೆಳಗೆ ಆಡುತ್ತದೆ. ಟಿವಿಯಲ್ಲಿ ಒಂದು ರಸ್ತೆ, ಅದರ ಮೇಲೆ ಬಣ್ಣದ ಬಿಲ್ಲೆಗಳು ನಮ್ಮ ಕಡೆಗೇ ಉರುಳಿಕೊಂಡು ಬರುತ್ತವೆ, ಬಿಲ್ಲೆ ಕೆಳಗಿನ ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಅದೇ ಬಣ್ಣದ ಬಟನ್ ಒತ್ತಿ ಪಟ್ಟಿ ಮೀಟಬೇಕು. ಮೀಟಿದರೆ ಹಾಡಿನಲ್ಲಿ ಗಿಟಾರ್ ಕೇಳುತ್ತದೆ. ತಪ್ಪಿದರೆ ಗಿಟಾರ್ ಮಾತ್ರ ಕಟ್ ಆಗಿ ಕಟಕ್ ಅನ್ನುತ್ತದೆ. ಅಂದರೆ ಬೇರೆ ಯಾರೋ ಚೆನ್ನಾಗಿ ನುಡಿಸಿಟ್ಟಿದ್ದನ್ನು ನಾವು ಹಾಳು ಮಾಡದೆ ಇದ್ದರೆ ಸಾಕು, ಅದೇ ಪ್ರತಿಭೆ.

ಒಂದು ಕಾಲದಲ್ಲಿ ಅಮೆರಿಕದವರು ಇದಕ್ಕೆ ಹುಚ್ಚೆದ್ದು ಬಿದ್ದಿದ್ದರು. 2007ರಲ್ಲಿ ರಾಕ್ ಬ್ಯಾಂಡ್ ಅಂತ ಇನ್ನೊಂದು ಗೇಮ್ ಬಂದು ಡ್ರಮ್ಮು ಮೈಕೂ ಸೇರಿಕೊಂಡವು. ಆಮೇಲೆ ಕಂಪನಿಯವರು ವರ್ಷಕ್ಕೆ ಇಷ್ಟಿಷ್ಟು ಅಂತ ಹೊಸ ಆವೃತ್ತಿ ಸುರಿದು ಸುರಿದು, ಜನಕ್ಕೆ ಸಾಕಾಗಿ, 2011ರ ಫೆಬ್ರವರಿಯಲ್ಲಿ ಆಕ್ಟಿವಿಷನ್ ಅನ್ನುವ ಗೇಮ್ ಕಂಪನಿ ತನ್ನ ಗಿಟಾರ್ ಹೀರೋ ವಿಭಾಗವನ್ನೇ ಮುಚ್ಚಿತು. ಮನೆ ಮನೆಯ ಅಟ್ಟ ಸೇರಿದ ಗಿಟಾರುಗಳಲ್ಲಿ ಎರಡು ಬೆಂಗಳೂರಿನ ನಮ್ಮ ಚಿಕ್ಕಪ್ಪನ ಮಗನ ಮನೆಯಲ್ಲಿದ್ದವು. ಮನೆ ಖಾಲಿ ಮಾಡುವಾಗ ಗುಜರಿಗೆ ಹಾಕುವ ಬದಲು ನನಗೆ ಹಾಕಿದ.

ಒಬ್ಬನೇ ಆಡುವುದು ರಾತ್ರಿ ಹೊತ್ತು. ಹೊಸ ಚಪ್ಪಟೆ ಟಿವಿಯಲ್ಲಿ ಚಿತ್ರ ಒಂದು ಚೂರು ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ, ಅದಕ್ಕೇ ಹಿಂದಿನ ರೂಮಿನಲ್ಲಿದ್ದ ದಪ್ಪ ಡಬ್ಬಾ ಟಿವಿಗೆ ಮರುಜನ್ಮ ಕೊಟ್ಟಿದ್ದೇನೆ. ಹೆಡ್‌ಫೋನ್ ಹಾಕಿಕೊಂಡರೆ ನನ್ನ ಕಿವಿಯಲ್ಲಿ ಸ್ಟೇಡಿಯಂ ತುಂಬ ಜನ. ಹೊರಗೆ ಕೇಳುವುದು ಆ ಪಟ್ಟಿಯ ಸದ್ದು ಮಾತ್ರ, ಟಕ್ ಟಕ್ ಟಕ್. ಪಕ್ಕದ ಕೋಣೆಯಲ್ಲಿ ಮಲಗಿದ ಅಮ್ಮ ಅದನ್ನು ಹಲ್ಲಿ ಲೊಚಗುಟ್ಟಿದ್ದು ಅಂದುಕೊಂಡು, ನೆಲ ತಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದಳು. ಒಂದು ಹಾಡಿಗೆ ನೂರಾರು ಸಲ ಮೀಟಬೇಕು. ಪಾಪ, ಬೆಳಿಗ್ಗೆ ಹೊತ್ತಿಗೆ ಕೈ ನೋವು ಅನ್ನುತ್ತಿದ್ದಳು.

ಈ ಆಟದಲ್ಲಿ ಒಂದು ಮೀಟರ್ ಇದೆ. ಸರಿಯಾಗಿ ಮೀಟಿದರೆ ಮುಳ್ಳು ಹಸಿರಿಗೆ, ತಪ್ಪಿದರೆ ಕೆಂಪಿಗೆ. ಕೆಂಪಿಗೆ ಇಳಿಯುತ್ತಿದ್ದ ಹಾಗೆ ಜನ ಹೋ ಅಂತ ಕೂಗುತ್ತಾರೆ, ಇನ್ನೂ ಇಳಿದರೆ ಹಾಡೇ ಅರ್ಧಕ್ಕೆ ನಿಲ್ಲಿಸಿ ಇಳಿಸಿಬಿಡುತ್ತಾರೆ. ಈಸಿ ಅನ್ನುವ ಮಟ್ಟದಲ್ಲಿ ಮೂರೇ ಬಟನ್, ಮಕ್ಕಳೂ ಆಡಬಹುದು. ಹಾರ್ಡ್‌ಗೆ ಹೋದರೆ ಐದೂ ಬೇಕು, ಕೈಯಲ್ಲಿ ಹೆಬ್ಬೆರಳು ಬಿಟ್ಟರೆ ಉಳಿಯುವುದು ನಾಲ್ಕು ಬೆರಳು, ಹಾಗಾಗಿ ಕಿರುಬೆರಳು ಕಿತ್ತಳೆಗೆ ಹೋಗುವಷ್ಟರಲ್ಲಿ ತೋರುಬೆರಳು ಹಸಿರನ್ನು ಬಿಟ್ಟಿರುತ್ತದೆ. ಮೂರು ವಾರ ಅಲ್ಲೇ ಹೋ ಅನ್ನಿಸಿಕೊಂಡಿದ್ದೇನೆ. ಊರಿನಲ್ಲಿ ಯಾರೂ ನನಗೆ ಹಾಗೆ ಮುಖದ ಮೇಲೆ ಹೇಳಿದವರಿಲ್ಲ.

ಭಾನುವಾರ ಸ್ನೇಹಿತರು ಬರುತ್ತಾರೆ. ಇಬ್ಬರು ಸೇರಿ ಆಡಿದರೆ ಮೀಟರ್ ಒಂದೇ, ಒಬ್ಬ ಮುಳುಗಿದರೆ ಇನ್ನೊಬ್ಬನೂ ಜೊತೆಗೆ. ಸ್ಟಾರ್ ಪವರ್ ಅಂತ ಒಂದು ಇದೆ, ಸ್ವಲ್ಪ ಹೊತ್ತು ಅಂಕ ದುಪ್ಪಟ್ಟು ಮಾಡುತ್ತದೆ, ಅದು ಬೇಕಾದರೆ ಇಬ್ಬರೂ ಒಂದೇ ಸಲಕ್ಕೆ ಗಿಟಾರಿನ ಕತ್ತು ಮೇಲೆತ್ತಬೇಕು. 'ಈಗ ಎತ್ತು ಮಗ' ಅಂತ ಒಬ್ಬ, 'ತಡಿಯೋ, ಇನ್ನೂ ಬೇಡ' ಅಂತ ಇನ್ನೊಬ್ಬ, ದೇವರ ಪಲ್ಲಕ್ಕಿ ಎತ್ತುವಾಗಲೂ ಇಷ್ಟು ಗಲಾಟೆ ಆಗುವುದಿಲ್ಲ. ನಮ್ಮಲ್ಲಿ ಒಬ್ಬ ನಿಜವಾಗಿಯೂ ಗಿಟಾರ್ ನುಡಿಸುವವನು. ಹತ್ತು ವರ್ಷದಿಂದ ಮದುವೆ, ಜಾತ್ರೆಗಳ ಆರ್ಕೆಸ್ಟ್ರಾದಲ್ಲಿದ್ದಾನೆ. ಈ ಆಟದಲ್ಲಿ ಮೀಡಿಯಂ ಮಟ್ಟದಲ್ಲೇ ಫೇಲ್. ಹಾಡು ಹೇಗೆ ಹೋಗಬೇಕೋ ಹಾಗೆ ಅವನ ಬೆರಳು ಹೋಗುತ್ತವೆ, ಬಿಲ್ಲೆ ಬರುವ ಹಾಗಲ್ಲ. ಎರಡು ಹಾಡು ನೋಡಿ, ಗಿಟಾರ್ ಕೆಳಗಿಟ್ಟು, ಕಾಫಿ ಕೇಳಿದ.

ಸನ್ಮಾನದ ಕಥೆ ಶುರುವಾಗಿದ್ದು ಪಕ್ಕದ ಮನೆ ಹುಡುಗನಿಂದ. ಕಿಟಕಿಯಲ್ಲಿ ಇಣುಕಿದಾಗ ಟಿವಿಯಲ್ಲಿ 98 ಪರ್ಸೆಂಟ್ ಅಂತ ಬಂದಿತ್ತು. ಅದು ಈಸಿ, ಮೂರು ಬಟನ್ನಿನದು. ಅದನ್ನು ಅವನು ಹೇಳಲಿಲ್ಲ. ಸಂಜೆ ಹೊತ್ತಿಗೆ ಗಣಪತಿ ಸಮಿತಿಯ ಅಂಕಲ್ ಒಬ್ಬರು ಮನೆಗೇ ಬಂದರು.

'ಗಿಟಾರಲ್ಲಿ ತೊಂಬತ್ತೆಂಟಂತಲ್ಲಪ್ಪ! ಯಾವ ಯೂನಿವರ್ಸಿಟಿ?'

'ಅಂಕಲ್, ಅದು ಬರೀ ಆಟ.'

'ಕ್ರಿಕೆಟ್ಟೂ ಆಟಾನೇ ಅಲ್ವಾ?'

'ಅದರಲ್ಲಿ ತಂತಿನೇ ಇಲ್ಲ ಅಂಕಲ್.'

'ಈಗ ಎಲ್ಲಾ ವೈರ್‌ಲೆಸ್ಸೇ ಕಣಪ್ಪ, ನಂಗೊತ್ತಿಲ್ವಾ?'

ನನ್ನ ಕಡೆಯಿಂದ ವಾದ ಅಲ್ಲಿಗೆ ಮುಗಿಯಿತು.

ಮೂರನೇ ದಿನ ಸಾಲಗಾಮೆ ರಸ್ತೆಯಲ್ಲಿ ಫ್ಲೆಕ್ಸ್. 2016ರಲ್ಲೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಆಗಿದೆ, ಪ್ಲಾಸ್ಟಿಕ್ ಗಿಟಾರಿಗೆ ಇನ್ನೂ ಆಗಿಲ್ಲ. 'ಹಾಸನದ ಹೆಮ್ಮೆಯ ಕುವರ, ಗಿಟಾರ್ ಗಾರುಡಿಗ.' ನನ್ನ ಗಿಟಾರ್ ಆಟದ ಸಾಮಾನಿನ ಹಾಗೆ ಕಾಣುತ್ತದೆ ಅಂತ ಫ್ಲೆಕ್ಸ್ ಅಂಗಡಿಯ ಹುಡುಗ ಯಾರದ್ದೋ ದೇಹಕ್ಕೆ ನನ್ನ ತಲೆ ಅಂಟಿಸಿದ್ದ. ಆ ದೇಹದ ಕೈಯಲ್ಲಿ ಆರು ತಂತಿಯ ಗಿಟಾರ್, ಬೆರಳಲ್ಲಿ ನಾಲ್ಕು ಉಂಗುರ. ಸುತ್ತ ಶುಭ ಕೋರುವವರು ಇಪ್ಪತ್ತಮೂರು ಜನ, ಎಲ್ಲರೂ ಫೋನ್ ಕಿವಿಗಿಟ್ಟುಕೊಂಡು. ಗಣಪತಿ ಎಡಗಡೆ ಮೂಲೆಯಲ್ಲಿ, ಸ್ಟಾಂಪ್ ಸೈಜಿನಲ್ಲಿ.

ಕಾರ್ಯಕ್ರಮದ ದಿನ ಮುಖ್ಯ ಅತಿಥಿಗಳು ಮಾತು ಶುರು ಮಾಡಿದ್ದೇ ಬೇಲೂರು ಹಳೇಬೀಡಿನಿಂದ. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ಉದ್ಘಾಟನೆಗೂ ಅಲ್ಲಿಂದಲೇ ಶುರು. 1117, ವಿಷ್ಣುವರ್ಧನ, ಚೆನ್ನಕೇಶವ, ಮದನಿಕೆಯರು, ಆಮೇಲೆ ಸೀದಾ ನಾನು. ನಡುವಿನ ಒಂಬೈನೂರು ವರ್ಷದಲ್ಲಿ ಯಾರೂ ಏನೂ ನುಡಿಸಲಿಲ್ಲ ಅಂತ ಕಾಣುತ್ತದೆ. ಆದರೆ ಒಂದು ಲೆಕ್ಕಕ್ಕೆ ಅವರು ಹೇಳಿದ್ದು ಸರಿ. ಬೇಲೂರಿನಲ್ಲಿ ಡೋಲು ಹಿಡಿದ ಮದನಿಕೆ ಇದ್ದಾಳಲ್ಲ, ಅವಳದ್ದೂ ಇವತ್ತಿನವರೆಗೆ ಸದ್ದಿಲ್ಲ. ಪರಂಪರೆ ಅಂದರೆ ಪರಂಪರೆಯೇ.

ಅವತ್ತು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದ್ದು ನನ್ನ ಸ್ನೇಹಿತನೇ. ಏಳು ಗಂಟೆಯಿಂದ ಹತ್ತರವರೆಗೆ, ಊಟ ಇಲ್ಲದೆ. ಮೈಕಿನಲ್ಲಿ ಜನರೇಟರ್ ಕೊಟ್ಟವರ ಹೆಸರು ಬಂತು, ಪೆಂಡಾಲ್ ಹಾಕಿದವರ ಹೆಸರು ಬಂತು, ಪ್ರಸಾದಕ್ಕೆ ಗೋಡಂಬಿ ಕೊಟ್ಟವರ ಹೆಸರು ಎರಡು ಸಲ ಬಂತು. ಅವನದು ಬರಲಿಲ್ಲ. ನನಗೆ ಪೇಟ ಇಡುವಾಗ ಅವನು ಹಿಂದೆ ಕುಕ್ಕರಗಾಲಲ್ಲಿ ಕೂತು ವೈರ್ ಸಿಕ್ಕು ಬಿಡಿಸುತ್ತಿದ್ದ. ಕಣ್ಣೆತ್ತಿ ನನ್ನನ್ನು ನೋಡಿ ಮೆಲ್ಲಗೆ 'ಹೋ' ಅಂದ. ಆಟದಲ್ಲಿ ಕೂಗುತ್ತಾರಲ್ಲ, ಅದೇ ರಾಗ.

ಪೇಟ ಇಟ್ಟ ಮೇಲೆ ಬಿಡುತ್ತಾರಾ. 'ಒಂದು ಭಕ್ತಿಗೀತೆ ನುಡಿಸಿ' ಅಂದರು. ಟಿವಿ ಇಲ್ಲ, ಗೇಮ್ ಇಲ್ಲ, ಏನಿಲ್ಲ, ಬರೀ ಪ್ಲಾಸ್ಟಿಕ್ ಕೈಯಲ್ಲಿದೆ, ಸಮಿತಿಯ ಅಂಕಲ್ ಮೈಕನ್ನು ತಂದು ಸರಿಯಾಗಿ ಆ ಪಟ್ಟಿಯ ಹತ್ತಿರ ಹಿಡಿದರು. ಕಣ್ಣು ಮುಚ್ಚಿಕೊಂಡು ಮೀಟಿದೆ. ಟಕ್ ಟಕ್ ಟಕ್ ಅಂತ ಇಡೀ ಬೀದಿಗೆ ಕೇಳಿಸಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಕುರ್ಚಿಯ ಕೈ ತಟ್ಟಿ 'ಕೃಷ್ಣ ಕೃಷ್ಣ' ಅಂದಳು. ಹಿಂದಿನ ಸಾಲಿನವರು ಭಜನೆ ಶುರುವಾಯಿತು ಅಂದುಕೊಂಡು ತಾಳ ಹಾಕುತ್ತಾ ದನಿ ಸೇರಿಸಿದರು. ನಾನು ಮೀಟುತ್ತಾ ಹೋದೆ.