ಬ್ರೋಕರ್ ಇರೋದು ಬೇರೆ ಮಷೀನಿನಲ್ಲಿ, ಫೈಲಿನಲ್ಲಿ ಮಾತ್ರ ಲೋಕಲ್‌ಹೋಸ್ಟ್

ಇವತ್ತು ಮತ್ತೆ ಅದೇ ಸಾಲು ಕಣ್ಣಿಗೆ ಬಿತ್ತು. ಬೇರೆ ಬೇರೆ ಸಾಫ್ಟ್‌ವೇರ್‌ಗಳನ್ನ ಜೋಡಿಸೋ ಇಂಟಿಗ್ರೇಟರ್ ಒಂದು ಮಷೀನಿನಲ್ಲಿದೆ, ಅದರ ಮೆಸೇಜ್‌ಗಳನ್ನ ತಗೊಂಡು ಮುಂದೆ ತಲುಪಿಸೋ ಬ್ರೋಕರ್ ಇನ್ನೊಂದರಲ್ಲಿದೆ. ಬ್ರೋಕರ್ ಎಲ್ಲಿದೆ ಅಂತ ಇಂಟಿಗ್ರೇಟರಿಗೆ ಹೇಳೋ ಜೆಎನ್‌ಡಿಐ ಫೈಲ್ ತೆಗೆದರೆ ಬ್ರೋಕರ್ ವಿಳಾಸ ಲೋಕಲ್‌ಹೋಸ್ಟ್, ಅಂದರೆ ಇದೇ ಮಷೀನ್! ಮೈ ಉರಿದುಹೋಯ್ತು.

ಡಬ್ಲ್ಯುಎಸ್‌ಒ2 ಕಂಪನಿಯ ಇಂಟಿಗ್ರೇಷನ್ ಸಾಫ್ಟ್‌ವೇರ್ ಇಐ 6ನ್ನೇ ತಗೊಳ್ಳಿ. ಇಂಟಿಗ್ರೇಟರ್, ಬ್ರೋಕರ್ ಎರಡೂ ಅದರ ಪ್ರೊಫೈಲ್‌ಗಳು, ಅಂದರೆ ಬೇರೆ ಬೇರೆಯಾಗಿ ಓಡಿಸಬಹುದಾದ ಭಾಗಗಳು. ಎಲ್ಲ ಪ್ರೊಫೈಲ್‌ಗಳೂ ಒಂದೇ ಮಷೀನಿನಲ್ಲಿ ಓಡಲಿ ಅಂತ ಬ್ರೋಕರ್ ಪ್ರೊಫೈಲ್‌ಗೆ ಪೋರ್ಟ್ ಆಫ್‌ಸೆಟ್ 3 ಇಟ್ಟಿರ್ತಾರೆ, ಅಂದರೆ ಪೋರ್ಟ್ ನಂಬರಿಗೆ 3 ಕೂಡುತ್ತೆ. ಮೆಸೇಜ್ ಸಾಗಿಸೋ ಎಎಂಕ್ಯುಪಿ ಪ್ರೋಟೋಕಾಲಿನ 5672ಕ್ಕೆ 3 ಸೇರಿ 5675. ಈಗ ಬ್ರೋಕರನ್ನ ಬೇರೆ ಮಷೀನಿಗೆ ಸಾಗಿಸಿ, ಅಲ್ಲಿ ಅದೊಂದೇ ತಾನೇ ಅಂತ ಆಫ್‌ಸೆಟ್ 0 ಮಾಡ್ತೀರಿ. ಬ್ರೋಕರ್ 5672ರಲ್ಲಿ ಏಳುತ್ತೆ. ಇಂಟಿಗ್ರೇಟರ್ ಕಡೆಯ ಆ ಜೆಎನ್‌ಡಿಐ ಫೈಲಿನ ಕನೆಕ್ಷನ್ ಫ್ಯಾಕ್ಟರಿ ಸಾಲಿನಲ್ಲಿ ಬ್ರೋಕರಿನ ಹೋಸ್ಟ್, ಪೋರ್ಟ್ ಹೇಳೋ ಬ್ರೋಕರ್‌ಲಿಸ್ಟ್ ಮಾತ್ರ ತಾನಾಗೇ ಬದಲಾಗಲ್ಲ. ಹೋಸ್ಟ್ ತಿದ್ದಿ ಪೋರ್ಟ್ ಮರೆತರೆ ಮತ್ತದೇ ಕನೆಕ್ಷನ್ ರಿಫ್ಯೂಸ್ಡ್. ಎರಡನ್ನೂ ಒಟ್ಟಿಗೇ ತಿದ್ದಬೇಕು.

ಕಾಫ್ಕಾ ಅನ್ನೋ ಇನ್ನೊಂದು ಬ್ರೋಕರಿನಲ್ಲಿ ಈ ಲೋಕಲ್‌ಹೋಸ್ಟ್ ಬ್ರೋಕರ್ ಕಡೆ ಅವಿತು ಕೂತಿರುತ್ತೆ. ಇಂಟಿಗ್ರೇಟರಿನಲ್ಲಿ ಬೂಟ್‌ಸ್ಟ್ರಾಪ್ ವಿಳಾಸ, ಅಂದರೆ ಮೊದಲು ಸಂಪರ್ಕಿಸೋ ವಿಳಾಸ, ಸರಿಯಾಗೇ ಇರುತ್ತೆ. ಟೆಲ್ನೆಟ್ ಮಾಡಿದರೆ ಕಾಫ್ಕಾದ ಪೋರ್ಟ್ 9092 ಸಿಗುತ್ತೆ. ನೆಟ್‌ವರ್ಕ್‌ನವರು "ನಮ್ಮ ಕಡೆಯಿಂದ ಎಲ್ಲ ಓಪನ್ ಇದೆ ಸರ್" ಅಂತಾರೆ, ಅದೂ ನಿಜವೇ. ಆದರೆ ಬೂಟ್‌ಸ್ಟ್ರಾಪ್ ಇರೋದು ದಾರಿ ಕೇಳೋಕೆ ಮಾತ್ರ. ಅಲ್ಲಿಂದ ಬರೋ ಮೆಟಾಡೇಟಾದಲ್ಲಿ ಯಾವ ವಿಳಾಸ ಇರುತ್ತೋ ಕ್ಲೈಂಟ್ (ಇಲ್ಲಿ ಇಂಟಿಗ್ರೇಟರ್) ಮುಂದೆ ಅಲ್ಲಿಗೇ ಹೋಗೋದು, ಆ ವಿಳಾಸ ಬ್ರೋಕರಿನ ಫೈಲಿನಲ್ಲಿರೋ ಅಡ್ವರ್ಟೈಸ್ಡ್ ಲಿಸನರ್ಸ್ ಅನ್ನೋ ಸೆಟ್ಟಿಂಗಿನದು. ಅಲ್ಲಿ ಲೋಕಲ್‌ಹೋಸ್ಟ್ ಇದ್ದರೆ ಪಾಪ, ಕ್ಲೈಂಟ್ ತನ್ನ ಮನೆ ಬಾಗಿಲನ್ನೇ ತಟ್ಟುತ್ತಾ ನಿಲ್ಲುತ್ತೆ. ಲಾಗಿನಲ್ಲಿ ನೋಡ್ ನಂಬರ್ ನೋಡಿ. -1, -2 ಅಂತ ಮೈನಸ್ ಇದ್ದರೆ ಬೂಟ್‌ಸ್ಟ್ರಾಪೇ ಸಿಕ್ಕಿಲ್ಲ, ಹೆಸರು ಅಥವಾ ಫೈರ್‌ವಾಲ್ ಹುಡುಕಿ. ನೋಡ್ 1 ಅಂತಿದ್ದು ಪಕ್ಕದಲ್ಲಿ 127.0.0.1:9092 ಕಂಡರೆ ನೆಟ್‌ವರ್ಕ್‌ನವರನ್ನ ಕಾಡಬೇಡಿ, ಬ್ರೋಕರಿನ ಫೈಲ್ ತಿದ್ದಿ. ಒಳಗಿನವರಿಗೆ ಒಂದು ಲಿಸನರ್ (ಬ್ರೋಕರ್ ಸಂಪರ್ಕಕ್ಕೆ ಕಾಯೋ ವಿಳಾಸ), ಹೊರಗಿನಿಂದ ಬರೋರಿಗೆ ಇನ್ನೊಂದು. ಎರಡಕ್ಕೂ ಬೇರೆ ಹೆಸರು, ಬೇರೆ ಪೋರ್ಟ್.

ರ‍್ಯಾಬಿಟ್‌ಎಂಕ್ಯು ಅನ್ನೋ ಬ್ರೋಕರಿನಲ್ಲಿ ವಿಳಾಸ ಸರಿಯಿದ್ದರೂ ಅದರ ಜೊತೆಗೇ ಬರೋ ಗೆಸ್ಟ್ ಯೂಸರ್ ಕೈಕೊಡುತ್ತಾನೆ. ಡಿಫಾಲ್ಟ್ ಆಗಿ ಅವನಿಗೆ ಲೂಪ್‌ಬ್ಯಾಕ್‌ನಿಂದ, ಅಂದರೆ ಅದೇ ಮಷೀನಿನ ಒಳಗಿನಿಂದ, ಮಾತ್ರ ಪ್ರವೇಶ. ಲ್ಯಾಪ್‌ಟಾಪಿನಲ್ಲಿ ಓಡಿದ್ದು ಇಲ್ಲಿ ಆಕ್ಸೆಸ್ ರಿಫ್ಯೂಸ್ಡ್ ಅನ್ನೋದು ಅದಕ್ಕೇ. ದಯವಿಟ್ಟು ಆ ನಿರ್ಬಂಧ ತೆಗೆಯಬೇಡಿ. ಬೇರೆ ಯೂಸರ್ ಮಾಡಿ, ಬೇಕಾದ ವಿಹೋಸ್ಟ್‌ನಲ್ಲಿ (ಬ್ರೋಕರಿನೊಳಗಿನ ಪ್ರತ್ಯೇಕ ವಿಭಾಗದಲ್ಲಿ) ಕಾನ್ಫಿಗರ್, ರೈಟ್, ರೀಡ್ ಅನುಮತಿ ಕೊಡಿ.

"ಹೋಸ್ಟ್ಸ್ ಫೈಲಿಗೆ ಒಂದು ಸಾಲು ಸೇರಿಸಿದರಾಯ್ತಲ್ಲ, ಇಷ್ಟೆಲ್ಲ ಯಾಕೆ" ಅನ್ನೋರಿದ್ದಾರೆ. ಯಾವ ಹೆಸರು ಯಾವ ಐಪಿ ಅಂತ ಮಷೀನಿನಲ್ಲೇ ಬರೆದಿಡೋ ಪಟ್ಟಿ ಅದು. ಒಂದು ಮಷೀನಿಗಾದರೆ ನಡೆಯುತ್ತೆ, ಒಪ್ಪಿದೆ. ಇಂಟಿಗ್ರೇಟರ್ ಓಡೋ ಕಂಟೇನರ್ ಹೊಸದಾಗಿ ಎದ್ದರೆ ಕೈಯಲ್ಲಿ ಬರೆದ ಆ ಸಾಲು ಇರಲ್ಲ. ಮೂರನೇ ನೋಡ್ ಸೇರಿಸುವವನಿಗೆ ಅಂಥದ್ದೊಂದು ಸಾಲಿತ್ತು ಅಂತ ಹೇಳೋರೂ ಇರಲ್ಲ. ವಿಳಾಸ ಫೈಲಿನಲ್ಲಿ ಬರೆದಿಡದೆ, ಹೊರಗಿನಿಂದ ಕೊಡೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರಲಿ. ಲ್ಯಾಪ್‌ಟಾಪಿನಲ್ಲೂ ಹಾಗೇ ಬರಲಿ, ಆಗ ಮರೆಯೋ ಮಾತೇ ಇಲ್ಲ.

ನನಗೆ ಅತಿ ಹೆಚ್ಚು ಸಂಕಟ ಆಗೋದು ಎರರ್ರೇ ಬರದಿದ್ದಾಗ. ಆಕ್ಟಿವ್‌ಎಂಕ್ಯು ಬ್ರೋಕರಿನಲ್ಲಿ ಫೇಲೋವರ್ ಯುಆರ್‌ಎಲ್ (ಸಂಪರ್ಕ ತಪ್ಪಿದರೆ ತಾನಾಗೇ ಮತ್ತೆ ಜೋಡಿಸೋ ವಿಳಾಸ) ಒಳಗೆ ತಪ್ಪು ಹೋಸ್ಟ್ ಇದ್ದರೆ ಕ್ಲೈಂಟ್ ಸುಮ್ಮನೆ ಮರುಪ್ರಯತ್ನ ಮಾಡುತ್ತಲೇ ಇರುತ್ತೆ. ಮ್ಯಾಕ್ಸ್ ರೀಕನೆಕ್ಟ್ ಅಟೆಂಪ್ಟ್ಸ್ ಡಿಫಾಲ್ಟ್ -1, ಅಂದರೆ ಕೊನೆಯೇ ಇಲ್ಲ. ಮೆಸೇಜ್ ಕಳಿಸಲು ಹೋದ ಥ್ರೆಡ್ (ಇಂಟಿಗ್ರೇಟರ್ ಒಳಗೆ ಕೆಲಸ ಮಾಡೋ ಎಳೆ) ಅಲ್ಲೇ ಸಿಕ್ಕಿಕೊಳ್ಳುತ್ತೆ, ಒಂದೊಂದಾಗಿ ಥ್ರೆಡ್‌ಗಳ ಪೂಲ್ ಪೂರ್ತಿ ತುಂಬಿ ಬ್ರೋಕರಿಗೆ ಸಂಬಂಧವೇ ಇಲ್ಲದ ಸರ್ವೀಸೂ ನಿಲ್ಲುತ್ತೆ. ಆ ಯುಆರ್‌ಎಲ್‌ಗೆ ಟೈಮ್‌ಔಟ್ 3000 ಅಂತ ಸೇರಿಸಿದರೆ 3 ಸೆಕೆಂಡಿಗೆ ಎಕ್ಸೆಪ್ಶನ್ ಬರುತ್ತೆ.

ಗೋ-ಲೈವ್‌ಗೆ ಮುಂಚೆ ಇಂಟಿಗ್ರೇಟರಿನ ಕಂಟೇನರ್ ಒಳಗಿನಿಂದಲೇ, ಅದೇ ಯೂಸರ್ ಹೆಸರಲ್ಲಿ ಒಂದು ಮೆಸೇಜ್ ಕಳಿಸಿ ನೋಡಿ. ಆಮೇಲೆ ಬ್ರೋಕರ್ ನಿಲ್ಲಿಸಿ ಇನ್ನೊಂದು ಕಳಿಸಿ, ಲಾಗ್ ಏನನ್ನುತ್ತೆ ಓದಿ.