ಗೋಡೆಗೊಂದೇ ಚಿತ್ರ ಸಾಕೇ?

ಟೋಕಿಯೊದ ನಿಶಿಕಸಾಯಿಯಲ್ಲಿರುವ ನಮ್ಮ ಬಾಡಿಗೆ ಮನೆಗೆ ಬಂದ ಅಮ್ಮ ಮೊದಲು ಕೇಳಿದ್ದು, "ಗೋಡೆ ಯಾಕೋ ಇಷ್ಟು ಬೋಳಾಗಿದೆ?" ಎಂದು. ಊರಿನ ಮನೆಯ ಪಡಸಾಲೆಯಲ್ಲಿ ಸೂರಿನ ಕೆಳಗೆ ಮುಂದಕ್ಕೆ ವಾಲಿಸಿ ಕಟ್ಟಿದ ಪಟಗಳ ಸಾಲೇ ಇದೆ: ರವಿವರ್ಮನ ಲಕ್ಷ್ಮಿ, ಸರಸ್ವತಿ, ಅಜ್ಜ, ಅಜ್ಜಿ, ನನ್ನ ಘಟಿಕೋತ್ಸವ. ಒಮ್ಮೆ ಏರಿದವರು ಇಳಿಯುವುದು ಸುಣ್ಣ ಬಳಿಯುವಾಗ ಮಾತ್ರ.

ಇಲ್ಲಿ ನಮ್ಮದು ಒಂದೇ ಚೌಕಟ್ಟು, ಒಳಗಿನ ಮರದಚ್ಚಿನ ಚಿತ್ರ ಮಾತ್ರ ಬದಲಾಗುತ್ತದೆ. ಮಳೆಗಾಲಕ್ಕೆ ಹಿರೋಶಿಗೆ ಎಂಬ ಜಪಾನಿ ಚಿತ್ರಕಾರ 1857ರಲ್ಲಿ ರಚಿಸಿದ, ಹೊರಿಕಿರಿ ಎಂಬಲ್ಲಿನ ಐರಿಸ್ ಹೂಗಳು. (ನನ್ನಲ್ಲಿರುವುದು ಕಳೆದ ಶತಮಾನದಲ್ಲಿ ಹೊಸದಾಗಿ ಅಚ್ಚು ಕೊರೆದು ತೆಗೆದ ಪ್ರತಿ, ಮೂಲವನ್ನು ಕೊಳ್ಳುವ ಸಂಬಳ ನನ್ನದಲ್ಲ.) ಚಳಿಗಾಲಕ್ಕೆ ಇನ್ನೊಬ್ಬ ಚಿತ್ರಕಾರ ಕವಾಸೆ ಹಸುಯಿ 1925ರಲ್ಲಿ ಮಾಡಿದ, ಹಿಮದಲ್ಲಿ ನಿಂತ ಜೊಜೊಜಿ ದೇವಾಲಯ. ಎರಡೂ ಓಬಾನ್ ಅಳತೆಯವು, ಸುಮಾರು 25 ಸೆಂಟಿಮೀಟರ್ ಅಗಲ, 38 ಎತ್ತರ. ಪಕ್ಕದ ಮನೆಯ ಅಜ್ಜಿಯ ಲೆಕ್ಕ ಇನ್ನೂ ಬಿಗಿ: ತೋಟದಲ್ಲಿ ಹೂ ಅರಳುವ ಮುನ್ನವೇ ಚಿತ್ರ ಗೋಡೆಗೆ ಬರಬೇಕು, ಬಾಡುವ ಮುನ್ನ ಪೆಟ್ಟಿಗೆ ಸೇರಬೇಕು.

ಜಪಾನಿನವರು ಹೀಗೆ ಋತುವಿಗೆ ತಕ್ಕಂತೆ ಚಿತ್ರ ಬದಲಿಸುವುದನ್ನು ಬರೀ ಸೌಂದರ್ಯಪ್ರಜ್ಞೆ ಎಂದು ಹೊಗಳುವವರಿಗೆ ನನ್ನದೊಂದು ತಕರಾರಿದೆ. ನಾನು ಮೊದಲು ಕೊಂಡ ಮೇಜಿ ಕಾಲದ (1868–1912) ನಟನ ಚಿತ್ರವನ್ನು ನಮ್ಮೂರಿನ ಪದ್ಧತಿಯಂತೆ ಇಳಿಸದೆ ಪಶ್ಚಿಮದ ಕಿಟಕಿಯೆದುರು ಬಿಟ್ಟಿದ್ದೆ. ಎರಡು ವರ್ಷದಲ್ಲಿ ಅವನ ನೇರಳೆ ನಿಲುವಂಗಿ ಬೂದುಬಣ್ಣಕ್ಕೆ ತಿರುಗಿತು. ಚೆರ್ರಿ ಮರದ ಅಚ್ಚಿಗೆ ನೀರಿನಲ್ಲಿ ಕದಡಿದ ಬಣ್ಣ ಬಳಿದು, ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದವಿಟ್ಟು, ಮೇಲಿನಿಂದ ಬಾರೆನ್ ಎಂಬ ದುಂಡು ಬಿಲ್ಲೆಯಿಂದ ಉಜ್ಜಿ ತೆಗೆದ ಚಿತ್ರವದು. ಬಿಸಿಲಿಗೆ ಅಡ್ಡ ನಿಲ್ಲಲು ಎಣ್ಣೆಯೂ ಇಲ್ಲ, ವಾರ್ನಿಷೂ ಇಲ್ಲ. ರವಿವರ್ಮನ ಪಟಗಳು ಎಣ್ಣೆಮಸಿಯಲ್ಲಿ ಅಚ್ಚಾಗಿ ವಾರ್ನಿಷ್ ಹೊದ್ದು ಬಂದವು. ದೀಪದ ಹೊಗೆಯನ್ನೂ ಊದುಬತ್ತಿಯನ್ನೂ ನೂರು ವರ್ಷ ತಾಳಿಕೊಂಡವು. ಇವರು ಇಳಿಸಿಡುವುದರಲ್ಲಿ, ನಾವು ಇಳಿಸದೆ ಇರುವುದರಲ್ಲಿ ಬಣ್ಣದ ಪಾಲೂ ಇದೆ.

ಆದರೂ ವರ್ಷಪೂರ್ತಿ ಕಣ್ಣೆದುರಿದ್ದ ಆ ನಟನನ್ನು ನಾನು ನೋಡುವುದನ್ನೇ ಬಿಟ್ಟಿದ್ದೆ. ಐರಿಸ್ ಹೂಗಳನ್ನು ಪ್ರತಿ ಮೇ ಕೊನೆಗೆ ಹೊರತೆಗೆದಾಗ ಐದು ನಿಮಿಷವಾದರೂ ನಿಂತು ನೋಡುತ್ತೇನೆ. ಅಲಂಕಾರಕ್ಕೆ ಇವರ ಕ್ರಮವೇ ಮೇಲು.

ನವರಾತ್ರಿಗೆ ಅಮ್ಮ ತಂದಿದ್ದ ಚಾಮುಂಡೇಶ್ವರಿಯನ್ನು ಅದೇ ಚೌಕಟ್ಟಿನಲ್ಲಿ ಇಟ್ಟೆವು. ದಶಮಿಯ ಮರುದಿನ ತೆಗೆಯಲು ಹೋದೆ. "ದೇವರನ್ನು ಪೆಟ್ಟಿಗೆಗೆ ಹಾಕುತ್ತಾರೇನೋ?" ಎಂದರು. ಅವರ ಪಾಲಿಗೆ ಆಕೆ ಮನೆಯವಳು. ನನ್ನ ಬಳಿ ಉತ್ತರವಿರಲಿಲ್ಲ. ಈಗ ನಮ್ಮ ಗೋಡೆಯಲ್ಲಿ ಎರಡು ಚೌಕಟ್ಟುಗಳಿವೆ.