ಟಿಕೆಟ್ ಕೊಂಡು ನೋಡುವ ನಾಟಕ

ಅಲಿ ಜಾಕೇರ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ಬಾಂಗ್ಲಾದೇಶದ ನಟ, ನಿರ್ದೇಶಕ. ಢಾಕಾದಲ್ಲಿ ಅದು ಮನೆಮಾತಾದ ಹೆಸರು. ನಾನು ಅವರನ್ನು ಮೊದಲು ನೋಡಿದ್ದು ಯೂಟ್ಯೂಬ್‌ನಲ್ಲಿ. ಹುಮಾಯೂನ್ ಅಹಮದ್ ಬರೆದ 'ಬಹುಬ್ರೀಹಿ' ಧಾರಾವಾಹಿ, ಬಾಂಗ್ಲಾದೇಶದ ಸರ್ಕಾರಿ ಟೀವಿಯಲ್ಲಿ 1988ರಲ್ಲಿ ಬಂದದ್ದು. ಅದರಲ್ಲಿ ಇವರು ಭಾವನ ಮನೆಯಲ್ಲೇ ಇರುವ ಸೋದರಮಾವ ಫರೀದ್. ಬಂಗಾಳಿ ನನಗೆ ಅರ್ಧಂಬರ್ಧ ಅರ್ಥ ಆಗುತ್ತೆ. ಆದರೂ ಒಬ್ಬನೇ ಕೂತು ಜೋರಾಗಿ ನಕ್ಕೆ.

ಅದೇ ಧಾರಾವಾಹಿಯಲ್ಲಿ ಒಂದು ಗಿಳಿ 'ತುಯಿ ರಾಜಾಕಾರ್' ಅನ್ನುತ್ತದೆ. ನೀನು ರಜಾಕಾರ ಅಂತ. ಕಲಬುರಗಿ, ಬೀದರ್ ಕಡೆಯವರಿಗೆ ಈ ಪದ ನಿಜಾಮನ ಕಾಲದಿಂದ, ಬೇರೆ ಕಾರಣಕ್ಕೆ ಗೊತ್ತು. ಬಾಂಗ್ಲಾದೇಶದಲ್ಲಿ ಅದು 1971ರ ವಿಮೋಚನಾ ಯುದ್ಧದಲ್ಲಿ ಪಾಕಿಸ್ತಾನಿ ಸೇನೆಯ ಜೊತೆ ನಿಂತವರ ಹೆಸರು. ಸರ್ಕಾರಿ ಟೀವಿಯಲ್ಲಿ ಯಾರೂ ಆ ಮಾತೆತ್ತದ ಕಾಲ ಅದು. ಮನುಷ್ಯರು ಹೇಳಲಾಗದ್ದನ್ನು ಗಿಳಿ ಹೇಳಿತು.

ಟೀವಿಯಿಂದ ಅವರು ಮನೆಮನೆ ತಲುಪಿದ್ದು ನಿಜ. ಆದರೆ ನನಗೆ ಅವರು ದೊಡ್ಡವರಾಗಿ ಕಾಣುವುದು ಒಂದು ಟಿಕೆಟ್ಟಿನಿಂದ.

ಹುಟ್ಟಿದ್ದು 1944ರಲ್ಲಿ. 1971ರ ಯುದ್ಧದ ವರ್ಷ 'ಸ್ವಾಧೀನ ಬಾಂಗ್ಲಾ', ಅಂದ್ರೆ ಸ್ವತಂತ್ರ ಬಾಂಗ್ಲಾ, ರೇಡಿಯೋದ ಇಂಗ್ಲಿಷ್ ವಿಭಾಗದಲ್ಲಿ ಕೆಲಸ ಮಾಡಿದರು. ರಂಗ ಹತ್ತಿದ್ದು 1972ರ ಫೆಬ್ರವರಿಯಲ್ಲಿ, ಮುನೀರ್ ಚೌಧುರಿಯವರ 'ಕಬರ್' ನಾಟಕಕ್ಕೆ. ಮುನೀರ್ ಇದನ್ನು 1953ರಲ್ಲಿ ಢಾಕಾ ಜೈಲಿನಲ್ಲಿ ಬರೆದರು. ಅದರಲ್ಲಿ ಬಂಗಾಳಿ ಭಾಷೆಗಾಗಿ ಗುಂಡೇಟು ತಿಂದು ಸತ್ತ ಹುಡುಗರು ಗೋರಿಗೆ ಇಳಿಯಲು ಒಪ್ಪುವುದೇ ಇಲ್ಲ. ಖೈದಿಗಳೇ ಅದನ್ನು ಜೈಲಿನೊಳಗೆ, ರಾತ್ರಿ, ಲಾಟೀನು ಬೆಳಕಿನಲ್ಲಿ ಆಡಿದ್ದರು. 1971ರ ಡಿಸೆಂಬರ್ 14ರಂದು ಪಾಕಿಸ್ತಾನಿ ಸೇನೆಯ ಕಡೆಯವರು ಮುನೀರ್ ಅವರನ್ನು ಹೊತ್ತೊಯ್ದು ಕೊಂದರು. ಅದಾಗಿ ಎರಡು ತಿಂಗಳಿಗೆ, ಸ್ವತಂತ್ರ ದೇಶದಲ್ಲಿ, ಅದೇ ನಾಟಕ. ಇಂಥ ಶುರು ಯಾವ ನಟನಿಗೆ ಸಿಗುತ್ತೆ ಹೇಳಿ?

ಅದೇ ವರ್ಷ 'ನಾಗರಿಕ್ ನಾಟ್ಯ ಸಂಪ್ರದಾಯ್' ಸೇರಿದರು. ಬಂಗಾಳಿಯಲ್ಲಿ ಸಂಪ್ರದಾಯ ಅಂದ್ರೆ ತಂಡ. 1973ರ ಫೆಬ್ರವರಿಯಲ್ಲಿ ಈ ತಂಡ ಕೋಲ್ಕತ್ತದ ನಾಟಕಕಾರ ಬಾದಲ್ ಸರ್ಕಾರ್ ಅವರ 'ಬಾಕಿ ಇತಿಹಾಸ್' ಆಡಿತು. ನಿರ್ದೇಶನ ಜಾಕೇರ್ ಅವರದು. ಬಾದಲ್ ಸರ್ಕಾರ್ ನಮಗೆ ಹೊಸಬರಲ್ಲ. ಅವರ 'ಏವಂ ಇಂದ್ರಜಿತ್' ನಾಟಕವನ್ನು ಇಂಗ್ಲಿಷಿಗೆ ತಂದವರು ನಮ್ಮ ಗಿರೀಶ ಕಾರ್ನಾಡರೇ. ಬಾಂಗ್ಲಾದೇಶದಲ್ಲಿ ಟಿಕೆಟ್ ಇಟ್ಟು ತಪ್ಪದೆ ಪ್ರದರ್ಶನ ಕೊಡುವ ರೂಢಿ ಶುರುವಾಗಿದ್ದು ಆ ನಾಟಕದಿಂದ. ಯುದ್ಧ ಮುಗಿದು ಒಂದು ವರ್ಷ ಚಿಲ್ಲರೆ ಆಗಿದೆ, ದೇಶ ಇನ್ನೂ ಚೇತರಿಸಿಕೊಂಡಿಲ್ಲ. ಆಗ ಇವರು ಜನರ ಹತ್ತಿರ ನಾಟಕಕ್ಕೆ ದುಡ್ಡು ಕೇಳಿದರು. ಜನ ಕೊಟ್ಟರು.

ನಾನು ಹವ್ಯಾಸಿ ತಂಡವೊಂದರಲ್ಲಿ ಹನ್ನೊಂದು ವರ್ಷದಿಂದ ಟಿಕೆಟ್ ಕೌಂಟರ್‌ನಲ್ಲಿ ಕೂರುತ್ತೇನೆ. ಕಾರಿನಲ್ಲಿ ಬಂದಿಳಿದವರೂ 'ಪಾಸ್ ಇಲ್ವಾ?' ಅಂತ ಕೇಳುತ್ತಾರೆ. ಕಳೆದ ಸಲ ಪರಿಚಯದವರೊಬ್ಬರು ಪಾಸ್ ಇಲ್ಲ ಅಂದದ್ದಕ್ಕೆ ಮುಖ ಊದಿಸಿಕೊಂಡು ವಾಪಸ್ ಹೋದರು. ಒಳಗೆ ನಮ್ಮ ಹುಡುಗಿ ಮೂರು ತಿಂಗಳ ತಾಲೀಮು ಮುಗಿಸಿ, ಬಣ್ಣ ಹಚ್ಚಿಕೊಂಡು, ಕೈ ನಡುಗಿಸುತ್ತಾ ಕೂತಿದ್ದಳು. ಅವಳ ಮೂರು ತಿಂಗಳಿಗೆ ಒಂದು ಬೆಲೆ ಬೇಡವಾ?

ಜಾಕೇರ್ ಹೊಟ್ಟೆಪಾಡಿಗೆ ನಾಟಕವನ್ನು ನಂಬಿದವರಲ್ಲ. ಏಷಿಯಾಟಿಕ್ ಎಂಬ ಜಾಹೀರಾತು ಕಂಪನಿಯ ಮುಖ್ಯಸ್ಥರಾಗಿದ್ದರು. ಅಷ್ಟಿದ್ದೂ ರಂಗವನ್ನು ಬಿಡುವಿನ ವೇಳೆಯ ಶೋಕಿ ಮಾಡಿಕೊಳ್ಳಲಿಲ್ಲ. 1982ರಲ್ಲಿ ಸೈಯದ್ ಶಂಸುಲ್ ಹಕ್ ಅವರ 'ನೂರಲದೀನೇರ್ ಸಾರಾಜೀಬನ್'. ಈಸ್ಟ್ ಇಂಡಿಯಾ ಕಂಪನಿ ಆಡಳಿತದಲ್ಲಿ ಕಂದಾಯದ ಸುಲಿಗೆ ತಾಳದೆ 1783ರಲ್ಲಿ ರಂಗಪುರದ ರೈತರು ದಂಗೆ ಎದ್ದ ಕಥೆ. ನಿರ್ದೇಶನವೂ ಇವರದೇ, ನೂರಲದೀನ್ ಪಾತ್ರವೂ ಇವರದೇ. ದೊಡ್ಡ ಆಳು, ದೊಡ್ಡ ದನಿ. 'ಜಾಗೋ ಬಾಹೆ' ಅನ್ನುವ ಕೂಗು, ಏಳಿ ಎಲ್ಲರೂ ಅಂತ, ಅಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ.

1988ರಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ನಾಟಕದಲ್ಲಿ ವಿಜ್ಞಾನಿ ಗೆಲಿಲಿಯೋ ಆದರು. ಮೂವತ್ತು ವರ್ಷದ ಮೇಲೆ, 2018ರಲ್ಲಿ, ಮತ್ತೆ ಅದೇ ಪಾತ್ರ. ಅಷ್ಟು ಹೊತ್ತಿಗೆ ಮೈಯಲ್ಲಿ ಕ್ಯಾನ್ಸರ್ ಇತ್ತು. ಎಪ್ಪತ್ತು ದಾಟಿತ್ತು. ಆ ಉದ್ದುದ್ದ ಮಾತುಗಳನ್ನು ಮತ್ತೆ ಬಾಯಿಪಾಠ ಮಾಡಿ ರಂಗಕ್ಕೆ ಬಂದರು. 2020ರ ನವೆಂಬರ್ 27ರಂದು ತೀರಿಕೊಂಡರು. ಕೊನೆಗೆ ಕೋವಿಡ್ ಕೂಡ ತಗಲಿತ್ತು.

ಮುಂದಿನ ತಿಂಗಳು ನಮ್ಮ ತಂಡದ್ದೊಂದು ನಾಟಕ ಇದೆ. ಟಿಕೆಟ್ 150 ರೂಪಾಯಿ. ಕೌಂಟರ್‌ನಲ್ಲಿ ನಾನೇ ಇರ್ತೀನಿ. ದಯವಿಟ್ಟು ಪಾಸ್ ಕೇಳಬೇಡಿ, ಟಿಕೆಟ್ ತಗೊಂಡು ಒಳಗೆ ಬನ್ನಿ.